ನಮ್ಮ ಲೈನಿನ ಸರೋಜ

ಪೀಣ್ಯದ ಆ ಗಾರ್ಮೆಂಟ್ಸಿನಲ್ಲಿ, ನಮ್ಮ ಲೈನಿನಲ್ಲಿ ಸರೋಜ ಅನ್ನುವ ಹೆಸರಿನವಳು ಒಬ್ಬಳೂ ಇರಲಿಲ್ಲ. ಆದರೂ ದಿನ ಬೆಳಗಾದರೆ ಅವಳದೇ ಸುದ್ದಿ. ‘ಸರೋಜ ಬಂದವ್ಳೆ ಕಣೇ’ ಅಂದರೆ ಮುಟ್ಟಾಗಿದೆ ಅಂತ. ಸೂಪರ್‌ವೈಸರ್ ಗಂಡಸು, ಅವನೆದುರು ಇನ್ನೇನು ಹೇಳೋದು? ಒಬ್ಬಳು ಹಾಗೆ ಪಿಸುಗುಟ್ಟಿದರೆ ಸಾಕು, ಅವಳು ಬಾತ್‌ರೂಮಿಗೆ ಹೋಗಿ ಬರುವ ತನಕ ಪಕ್ಕದವಳು ಅವಳ ಪೀಸುಗಳನ್ನೂ ಎಳೆದುಕೊಂಡು ಹೊಲಿಯುತ್ತಿದ್ದಳು. ಆ ಹೆಸರು ಯಾರು ಇಟ್ಟರೋ, ನಾನು ಸೇರುವ ಹೊತ್ತಿಗೇ ಇತ್ತು.

ನನ್ನ ಪಕ್ಕದ ಮಷಿನಿನವಳು ರಾಯಚೂರು ಕಡೆಯವಳು. ಮದುವೆಯಾಗಿ ಏಳು ವರ್ಷ, ಮಕ್ಕಳಿಲ್ಲ. ರಸ್ತೆಯಲ್ಲಿ ಮೆಟ್ರೊ ಕಂಬಗಳು ಏಳುತ್ತಿದ್ದ ಕಾಲ. ಒಂದು ದಿನ ಊಟದ ಹೊತ್ತಿನಲ್ಲಿ ನನ್ನ ಕಿವಿಯ ಹತ್ತಿರ ಬಂದು, ‘ಅಕ್ಕಾ, ಮೂರು ತಿಂಗ್ಳಾತು, ಸರೋಜಾ ಈ ಕಡಿ ಮಾರಿನೇ ತೋರ್ಸಿಲ್ಲ’ ಅಂದಳು.

‘ಹಾಳಾಗಿ ಹೋಗ್ಲಿ ಬಿಡೇ, ಇನ್ನಾರು ತಿಂಗಳು ತಲೆ ಹಾಕೋದೇ ಬೇಡ’ ಅಂದೆ. ಇಬ್ಬರೂ ಬಾಯಿಗೆ ವೇಲು ಅಡ್ಡ ಹಿಡಿದು ನಕ್ಕೆವು. ನನ್ನ ಡಬ್ಬಿಯ ಉಪ್ಪಿನಕಾಯಿ ಪೂರ್ತಿ ಅವಳೇ ತಿಂದಳು.

ಈಗ ನನ್ನ ಘನಂದಾರಿ ಕೆಲಸ ಕೇಳಿ. ನನಗೆ ಮಷಿನು ಬಿಟ್ಟು ಚೆಕಿಂಗ್ ಟೇಬಲ್ಲಿಗೆ ಹೋಗುವ ಆಸೆ. ಅದು ಸೂಪರ್‌ವೈಸರ್ ಕೈಯಲ್ಲಿತ್ತು. ಒಂದು ದಿನ ಅವನು ನಗುನಗುತ್ತಾ, ‘ಯಾರಮ್ಮಾ ಅದು ಸರೋಜ? ದಿನಾ ಕೇಳ್ತೀನಿ, ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲ’ ಅಂದ. ನಾನು ಹಲ್ಲು ಕಿರಿದುಕೊಂಡು ಹೇಳಿಬಿಟ್ಟೆ. ನನ್ನ ಬಾಯಿಗಿಷ್ಟು ಬೆಂಕಿ ಬೀಳ!

ಮಾರನೆಯ ದಿನವೇ ಶುರುವಾಯಿತು. ಯಾರು ಎದ್ದರೂ ಲೈನಿಗೆಲ್ಲ ಕೇಳುವಂತೆ, ‘ಏನಮ್ಮಾ, ಸರೋಜ ಬಂದ್ಲಾ? ಹೋದ ವಾರ ತಾನೆ ಬಂದಿದ್ಲು?’ ಅನ್ನುತ್ತಿದ್ದ. ಇಸ್ತ್ರಿ ಟೇಬಲ್ಲಿನ ಗಂಡಸರು ಕಿಸಕ್ಕನೆ ನಗುತ್ತಿದ್ದರು. ಹೆಂಗಸರು ಆ ಹೆಸರು ಎತ್ತುವುದನ್ನು ಬಿಟ್ಟರು, ಏಳುವುದನ್ನೂ ಬಿಟ್ಟರು. ಹೇಳಿಕೊಟ್ಟವಳನ್ನು ಬಾಯಿಗೆ ಬಂದಂತೆ ಬೈದರು. ನಾನೂ ಜೊತೆಗೆ ಸೇರಿ ಬೈದೆ.

ಅದೇ ವಾರ ಒಂದು ಬೆಳಿಗ್ಗೆ ಪಕ್ಕದವಳ ಮುಖವೆಲ್ಲ ಬೆವರಿತ್ತು. ‘ಏನೇ?’ ಅಂದರೆ ‘ನಡುನೋವಕ್ಕ’ ಅಂದಳು.

‘ಎದ್ದು ಹೋಗ್ಬಾರೇ.’

ಅವಳು ಸೂಪರ್‌ವೈಸರ್ ನಿಂತಿದ್ದ ಕಡೆ ನೋಡಿದಳು. ‘ಬ್ಯಾಡಕ್ಕ, ಅಂವ ಎಲ್ಲಾರ ಮುಂದ ಕೇಳ್ತಾನ’ ಅಂದು ಕಾಲರ್ ಹೊಲಿಯುತ್ತಲೇ ಇದ್ದಳು.

ಊಟದ ಗಂಟೆ ಹೊಡೆದಾಗ ಎಲ್ಲರೂ ಎದ್ದರು, ಅವಳು ಏಳಲಿಲ್ಲ. ನಾನು ಬಗ್ಗಿದೆ. ನನ್ನ ಕೈ ಹಿಡಿದು, ಯಾರಿಗೂ ಕೇಳದಷ್ಟು ಸಣ್ಣಗೆ, ‘ಸರೋಜಾ ಬಂದ್ಲಕ್ಕ’ ಅಂದಳು. ಸ್ಟೂಲಿನ ಕೆಳಗೆ ನೆಲ ಕೆಂಪಾಗಿತ್ತು.

ಮಗು ಉಳಿಯಲಿಲ್ಲ. ‘ಬೆಳಿಗ್ಗೆನೇ ಯಾಕೆ ಕರ್ಕೊಂಡು ಬರ್ಲಿಲ್ಲ?’ ಅಂತ ಆಸ್ಪತ್ರೆಯ ಡಾಕ್ಟರಮ್ಮ ನನ್ನನ್ನು ಕೇಳಿದರು. ಬೇಗ ಬಂದಿದ್ದರೆ ಉಳಿಯುತ್ತಿತ್ತಾ ಅಂತ ಕೇಳುವ ಧೈರ್ಯ ನನಗೆ ಬರಲಿಲ್ಲ. ಹಾಸಿಗೆಯಲ್ಲಿ ಅವಳು ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು.

‘ಅಕ್ಕಾ, ಅಂವಗ ಯಾರು ಹೇಳಿರ್ಬೇಕು?’

‘ಯಾರೋ ಹಾಳಾದೋಳು’ ಅಂದೆ. ಅವಳು ನನ್ನ ಕೈ ಬಿಟ್ಟಿರಲಿಲ್ಲ.

ಮುಂದಿನ ತಿಂಗಳು ನನ್ನನ್ನು ಚೆಕಿಂಗ್ ಟೇಬಲ್ಲಿಗೆ ಹಾಕಿದರು. ನಾನು ಹೋದೆ.