ಊಟದ ಹೊತ್ತಿನ ಮಗ್ಗ

ಬನಹಟ್ಟಿಯ ಸೀರೆ ಕಾರ್ಖಾನೆಯಲ್ಲಿ ನಾನು ಜಾಬರ್. ಕೆಟ್ಟ ಮಗ್ಗ ರಿಪೇರಿ ಮಾಡುವುದು ಪಗಾರದ ಕೆಲಸ; ಮಂದಿಯನ್ನು ಮಂಗ ಮಾಡುವುದು ಪುಕ್ಕಟೆ ಸೇವೆ. ಎರಡರಲ್ಲೂ ನನ್ನನ್ನು ಮೀರಿಸುವವರು ಜಮಖಂಡಿಯವರೆಗೂ ಹುಟ್ಟಿರಲಿಲ್ಲ.

ಆಗ ಹೆಂಗಸರಿಗೆ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುವ ಕೆಲಸ ಮಾತ್ರ, ಮಗ್ಗ ಗಂಡಸರದು. ಆದರೆ ಒಬ್ಬ ನೇಕಾರ ಊಟಕ್ಕೆ ಕುಳಿತಾಗ, ಬುತ್ತಿ ತಂದ ಹೆಂಡತಿ ಅವನ ಮಗ್ಗ ನಡೆಸುತ್ತಿದ್ದಳು. ಅದನ್ನು ಯಾರೂ ನೇಯ್ಗೆ ಅಂತ ಹಿಡಿಯುತ್ತಿರಲಿಲ್ಲ. ಉಬ್ಬಸ ಹೆಚ್ಚಾಗಿ ಗಂಡ ಹಾಸಿಗೆ ಹಿಡಿದಾಗ, ಆ ಮಗ್ಗ ತನಗೇ ಕೊಡಿ ಎಂದು ಆಕೆ ಮಾಲೀಕರನ್ನು ಕೇಳಿದಳು.

"ಮಗ್ಗ ಹೆಣ್ಣಮಕ್ಕಳ ಕೈಗೆ ಬಗ್ಗೂದಿಲ್ಲ ತಂಗಿ. ನೀ ಕಂಡಿಕಿ ಸುತ್ತು," ಎಂದವರು ನನ್ನತ್ತ ತಿರುಗಿದರು. "ನಾಳೆ ಒಬ್ಬ ಆಳು ನೋಡಲೇ."

ಹೊರಗೆ ಬಂದು, ನನ್ನ ತುಟಿಯಲ್ಲಿ ನಗು ಕಂಡು, ಆಕೆ ನನ್ನನ್ನೇ ಗದರಿದಳು: "ನಗತೀರೇನ್ರೀ ಅಣ್ಣಾರ? ಆ ಮಗ್ಗ ಹೋದ್ರ ನಮ್ಮ ಒಲಿ ಆರತೈತಿ."

"ನಾಳೆ ಊಟದ ಹೊತ್ತಿಗೆ ಬಾರವಾ," ಎಂದೆ.

ಗಾದಿಯ ಮೇಲೆ ಕುಳಿತೇ, ಸದ್ದಿನಿಂದ ನೇಕಾರನ ಕೈ ಗುರುತಿಸುತ್ತೇನೆಂದು ಮಾಲೀಕರಿಗೆ ಭಾರೀ ಜಂಬ. ಮರುದಿನ ಊಟಕ್ಕೆ ಮಗ್ಗಗಳೆಲ್ಲ ನಿಂತವು. ಒಂದು ಮಾತ್ರ ಎಡೆಬಿಡದೆ ಬಡಿಯತೊಡಗಿತು. ನಾನು ಅವರ ಮುಂದೆ ಸಂಭಾವಿತನಂತೆ ಕೈಕಟ್ಟಿ ನಿಂತೆ.

"ಕೇಳಲೇ! ಲಾಳಿ ಒಂದ್ಸಲಾನೂ ತಡವರಸವಲ್ದು. ಹೊಸಾ ಆಳೇನು?"

"ಹೌದ್ರೀ. ಕೈ ಹೆಂಗೈತ್ರೀ?"

"ಭಾಳ ಛಲೋ ಐತಿ! ಖಾಯಂ ಮಾಡಿಬಿಡು."

"ಆಮ್ಯಾಲ ಮಾತು ತಿರಗಸಬಾರದ್ರೀ ಮತ್ತ."

"ನಾ ಅಂದ್ರ ಆತು!"

"ಹಂಗಾರ ಬರ್ರಿ, ಆಳಿನ ಮಾರಿ ನೋಡ್ರಿ."

ಮಗ್ಗದ ಮುಂದೆ ಆಕೆಯನ್ನು ಕಂಡು ಮಾಲೀಕರ ಬಾಯಿಯಲ್ಲಿದ್ದ ಎಲೆಅಡಿಕೆ ಅಲ್ಲೇ ನಿಂತಿತು. "ಖೋಡಿ, ನನಗ ಟೊಪ್ಪಿಗಿ ಹಾಕಿದೇನಲೇ!"

ಆಕೆ ತಿರುಗಿ ನೋಡಿದಳು. ಮಗ್ಗ ಮಾತ್ರ ನಡೆದೇ ಇತ್ತು. "ನಿಂದರಸಲೇನ್ರೀ ಸಾವಕಾರ್ರ?"

ಅವರು ಬಟ್ಟೆಯ ಅಂಚನ್ನು ಬೆರಳಲ್ಲಿ ಸವರಿದರು, ಮತ್ತೆ ಸವರಿದರು. "ಬ್ಯಾಡವಾ. ನಡಸು."

ಸೋತರೂ ದೊಡ್ಡ ಮನುಷ್ಯ, ಅರ್ಧಕ್ಕೆ ಬಿಡಲಿಲ್ಲ. ಸೆರಗು ಸಿಗದಂತೆ, ಮಗ್ಗ ತಿರುಗಿಸುವ ಬೆಲ್ಟುಗಳಿಗೆಲ್ಲ ತಂತಿ ಜಾಳಿಗೆ ಹಾಕಿಸಿದರು, ಕೂಸುಗಳಿಗೊಂದು ಕೋಣೆ ಬಿಟ್ಟುಕೊಟ್ಟರು. ಕಲಿಯಬೇಕೆನ್ನುವ ಕಂಡಿಕೆ ಹೆಂಗಸರಿಗೆಲ್ಲ ಮಗ್ಗ ಕಲಿಸಬೇಕೆಂದು ಹೇಳಿದರು. ಸೊಲ್ಲಾಪುರದ ವ್ಯಾಪಾರಿಗಳ ಮುಂದೆ, ಎಲ್ಲ ತಮ್ಮದೇ ವಿಚಾರವೆಂದು ಎದೆ ಉಬ್ಬಿಸಿದರು. ಹೋಗಲಿ ಎಂದು ಬಿಟ್ಟೆ.

ಕಲಿಸುವ ಗುರುವಿನ ಪಟ್ಟವಾದರೂ ನನ್ನದೇ ಎಂದು, ಮೀಸೆ ತೀಡಿಕೊಂಡು ಬಾಗಿಲಲ್ಲಿ ನಿಂತಿದ್ದೆ. ಅದನ್ನೂ ಆಕೆಗೇ ಕೊಟ್ಟಿದ್ದರು!

"ಅಣ್ಣಾರ, ದಾರಿ ಬಿಡ್ರಿ," ಎಂದು ನನ್ನನ್ನು ಬದಿಗೆ ಸರಿಸಿ, ಕಂಡಿಕೆ ಹೆಂಗಸರ ಹಿಂಡನ್ನೇ ಬೆನ್ನಿಗೆ ಕಟ್ಟಿಕೊಂಡು ಆಕೆ ಮಗ್ಗಗಳ ನಡುವೆ ನಡೆದಳು.