ಮಲ್ಲೇಶ್ವರಿಯ ಅಡ್ಜಸ್ಟು

ಕುಷ್ಟಗಿಯ ಟೇಲರ್ ಮಲ್ಲೇಶ್ವರಿಗೆ ಬರುವ ಇಂಗ್ಲಿಷು ಅಡ್ಜಸ್ಟ್ ಒಂದೇ. ಉಡಿ ತುಂಬುವಾಗ ಕೊಟ್ಟ ಗೇಣುದ್ದದ ಖಣ ತಂದು ಹೆಂಗಸರು "ಅಡ್ಜಸ್ಟ್ ಮಾಡ್ರಿ" ಅಂದರೆ, ಬಗಲಿಗೆ ಬೇರೆ ತುಂಡು ಕೂಡಿಸಿ ಕುಪ್ಪಸ ಹೊಲಿದುಕೊಡುತ್ತಾಳೆ. ಬಸ್ಸಿನಲ್ಲಿ ಅದೇ ಮಾತು ಹೇಳಿ ಮೂವರ ಸೀಟಿನಲ್ಲಿ ನಾಲ್ಕನೆಯವಳಾಗಿ ಕೂರುತ್ತಾಳೆ. ಗಂಗಾವತಿಗೆ ಕೊಟ್ಟ ಮಗಳು ಮಹೇಶ್ವರಿ ಫೋನಿನಲ್ಲಿ ಅತ್ತಾಗಲೂ, "ಅತ್ತಿ ಮನ್ಯಾಗ ಸ್ವಲ್ಪ ಅಡ್ಜಸ್ಟ್ ಮಾಡ್ಕೊ" ಅಂದಿದ್ದಳು.

ಇವತ್ತು ಮಗಳು ಬಂದು ಮದುವೆಯ ಕುಪ್ಪಸ ಮುಂದಿಟ್ಟಳು. "ಮತ್ತ ಸಡ್ಲ ಆಗೈತಿ. ಅಡ್ಜಸ್ಟ್ ಮಾಡವ್ವಾ."

ವರ್ಷದೊಳಗೆ ಇದು ಮೂರನೆಯ ಸಲ. ಮಲ್ಲೇಶ್ವರಿ ಮಗಳ ಮೈಗೆ ಟೇಪು ಸುತ್ತಿದಳು. ನಂಬದೆ ಮತ್ತೆ ಸುತ್ತಿದಳು. ಹಳೆಯ ಟೇಪು ಹಿಗ್ಗಿರಬೇಕು ಎಂದುಕೊಂಡು ಹೊಸದು ತೆಗೆದು ಅಳೆದಳು.

ಅದೂ ಅಷ್ಟೇ ಹೇಳಿತು.