ಉಸ್ತಾನ ಕಿವಿ, ನನ್ನ ಬೆರಳು

ನಮ್ಮೂರು ಅತ್‌ಬಾಶಿಯ ದನದ ಸಂತೆಗೆ ಹೋಗುವ ರಸ್ತೆಯಲ್ಲಿ ಹನ್ನೊಂದು ಗ್ಯಾರೇಜುಗಳಿದ್ದವು. ಗ್ಯಾರೇಜು ಅಂದರೆ ತುಕ್ಕು ಹಿಡಿದ ಕಂಟೇನರು, ಅದರ ಮುಂದೊಂದು ಗುಂಡಿ, ಅಷ್ಟೆ. ಹಳೇ ಪೆಟ್ರೋಲ್ ಕಾರು ಒಂದು ಸಿಲಿಂಡರು ಉರಿಯದೆ ಮಿಸ್ ಹೊಡೆಯುತ್ತಿದ್ದರೆ ಮಾತ್ರ ಜನ ಹತ್ತನ್ನೂ ದಾಟಿ ಕೊನೆಯದಕ್ಕೇ ಬರುತ್ತಿದ್ದರು. ಅದು ಕಸಿಮಾಲಿ ಉಸ್ತಾನದು; ಉಸ್ತಾ ಅಂದರೆ ಕೆಲಸ ಕಲಿಸುವ ಗುರು. ಅವನ ಕೈಕೆಳಗೆ ನಾನು ಒಂಬತ್ತು ವರ್ಷ ದುಡಿದೆ. ಎದುರಿಗೆ ‘ನೀವು’ ಅನ್ನುತ್ತಿದ್ದೆ. ಮನಸ್ಸಿನಲ್ಲಿ ಒಂದು ದಿನವೂ ಅಂದಿಲ್ಲ.

ಸೋವಿಯತ್ ಕಾಲದಲ್ಲಿ ಅವನು ಸರ್ಕಾರಿ ಹೊಲದ ಲಾರಿ ಶೆಡ್ಡಿನಲ್ಲಿದ್ದವನು. ಹೆಂಡತಿಯ ಮಾತೊಂದು ಬಿಟ್ಟು ಮಿಕ್ಕಿದ್ದೆಲ್ಲ ಅವನಿಗೆ ಕೇಳಿಸುತ್ತದೆ ಎಂದು ಊರು ನಗುತ್ತಿತ್ತು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ, ನಾಲ್ಕು ಸಿಲಿಂಡರಿನಲ್ಲಿ ಸತ್ತದ್ದು ಯಾವುದೆಂದು ಹೇಳುತ್ತಿದ್ದ. ಆಮೇಲೆ ಆ ಸಿಲಿಂಡರಿನ ಪ್ಲಗ್ ವೈರನ್ನು ಎಲ್ಲರೆದುರು ಕೀಳಿಸುತ್ತಿದ್ದ. ಇಂಜಿನ್ನಿನ ಸದ್ದು ಎಳ್ಳಷ್ಟೂ ಬದಲಾಗುತ್ತಿರಲಿಲ್ಲ. ಸತ್ತವನ ತಟ್ಟೆ ಎತ್ತಿಟ್ಟರೆ ಅವನೇನು ಜಗಳಕ್ಕೆ ಬರುತ್ತಾನೆಯೇ? ಜನ ತಲೆದೂಗುತ್ತಿದ್ದರು.

ಮೊದಲ ವರ್ಷಗಳಲ್ಲಿ ವೈರ್ ಕೀಳುವ ಕೆಲಸ ನನ್ನದು, ಅದೂ ಬರಿಗೈಯಲ್ಲಿ. ಕರೆಂಟು ಮೊಣಕೈವರೆಗೆ ಬಡಿದು ನಾನು ಹಾರಿದರೆ ಗಿರಾಕಿಗಳಿಗೆ ಬಿಟ್ಟಿ ತಮಾಷೆ.

“ನೋಡ್ರಪ್ಪ, ನಮ್ಮ ನರ್ಮತ್ ಇನ್ನೂ ಓಡ್ತಿದಾನೆ, ಇವನ ಪ್ಲಗ್ ಸರಿಯಾಗಿದೆ!” ಎನ್ನುತ್ತಿದ್ದ ಉಸ್ತಾ.

“ಉಸ್ತಾ, ಒಂಚೂರು ರಬ್ಬರ್ ಕೊಡಿ, ಕೈಗೆ ಸುತ್ಕೋತೀನಿ.”

“ನಿನ್ನ ಚರ್ಮಕ್ಕಿಂತ ದಪ್ಪ ರಬ್ಬರ್ ನಾನೆಲ್ಲಿಂದ ತರ್ಲೋ?”

ಸಹಿಸಿಕೊಂಡೆ. ನಮ್ಮಲ್ಲಿ ಉಸ್ತಾ ಜನರೆದುರು ಅಂಗೈ ತೆರೆದು ಬಾತಾ ಹೇಳಿ ಹರಸಿದರೇ ಶಿಷ್ಯ ಸ್ವಂತ ಗ್ಯಾರೇಜು ತೆರೆಯಬಹುದು. ಬಾತಾ ಇಲ್ಲದೆ ತೆರೆದವನ ಬಾಗಿಲಿಗೆ ನಾಯಿಯೂ ಸುಳಿಯುವುದಿಲ್ಲ. ನನಗೆ ಮೂವತ್ತನಾಲ್ಕಾಗಿತ್ತು. ಹೆಂಡತಿಯ ತವರಿನ ಮೂಲೆ ಕೋಣೆಯಲ್ಲಿ ನನ್ನ ಸಂಸಾರ, ಅತ್ತೆ ಬಡಿಸಿದ್ದನ್ನು ತಲೆ ತಗ್ಗಿಸಿ ತಿನ್ನುವ ಬಾಳು. ನನಗೆ ಆ ಬಾತಾ ಒಂದು ಬೇಕಿತ್ತು.

ಏಳನೇ ವರ್ಷ ಉಸ್ತಾನ ಕಿವಿ ಹೋಯಿತು. ತುಟಿ ನೋಡಿ ಮಾತು ತಿಳಿದುಕೊಳ್ಳುತ್ತಿದ್ದ, ಆದರೆ ಇಂಜಿನ್ನಿಗೆ ತುಟಿ ಎಲ್ಲಿದೆ? ಒಂದು ದಿನ ಸ್ಕ್ರೂಡ್ರೈವರನ್ನು ಕಿವಿಗಿಟ್ಟುಕೊಂಡು ಸುಮ್ಮನೆ ನಿಂತುಬಿಟ್ಟ. ಆ ಚಳಿಯಲ್ಲೂ ಅವನ ಹಣೆ ಬೆವರಿತು. ನನಗೆ ಕನಿಕರವೋ, ಲೆಕ್ಕಾಚಾರವೋ, ಬಾನೆಟ್ಟಿನ ಅಂಚಿನಲ್ಲಿ ಮೂರು ಬೆರಳು ಇಟ್ಟೆ. “ಮೂರನೇದು” ಎಂದ. ಸರಿಯಾಗಿತ್ತು. ಅಲ್ಲಿಂದ ಎರಡು ವರ್ಷ ನಾನು ಕೇಳಿಸಿಕೊಂಡೆ, ಅವನು ಹೇಳಿದ. ಆ ವಿಷಯವನ್ನು ನಾವಿಬ್ಬರೂ ಒಮ್ಮೆಯೂ ಎತ್ತಲಿಲ್ಲ. ಒಂದು ಮಾತು ಮಾತ್ರ ಕೊಟ್ಟಿದ್ದ: “ಈ ನೌರುಜ್ ಹಬ್ಬಕ್ಕೆ ನಿಂಗೆ ಬಾತಾ.”

ಸೋದರಳಿಯ ಬರುವುದಕ್ಕಿಂತ ಏಳು ತೋಳ ಬರುವುದು ಮೇಲು ಎಂಬ ಗಾದೆ ನಮ್ಮಲ್ಲಿ ಸುಮ್ಮನೆ ಹುಟ್ಟಿಲ್ಲ. ಅಕ್ಕತಂಗಿಯರ ಮಗ ಬಾಯಿಬಿಟ್ಟು ಕೇಳಿದ್ದನ್ನು ಸೋದರಮಾವ ಇಲ್ಲ ಅನ್ನುವಂತಿಲ್ಲ. ಉಸ್ತಾನ ತಂಗಿಯ ಮಗ ಎಲ್ದಿಯಾರ್ ಗ್ಯಾರೇಜಿಗೆ ಬಂದು ಎಂಟು ತಿಂಗಳಾಗಿತ್ತು; ಪ್ಲಗ್ಗಿನ ಸಂದಿಗೂ ಹಲ್ಲಿನ ಸಂದಿಗೂ ವ್ಯತ್ಯಾಸ ತಿಳಿಯದವನು. ಹಬ್ಬದ ಊಟದಲ್ಲಿ ಎದ್ದು ನಿಂತು, “ಮಾವ, ನಂಗೆ ಬಾತಾ ಕೊಡು” ಅಂದ. ಉಸ್ತಾ ಅಂಗೈ ತೆರೆದ. ಎಲ್ಲರೂ “ಒಮಿನ್, ಹಾಗೇ ಆಗಲಿ” ಎಂದರು. ಟೀ ಬಗ್ಗಿಸುತ್ತಿದ್ದ ನಾನೂ ಎಂದೆ.

ಊಟ ಮುಗಿದ ಮೇಲೆ ಅವನ ಮುಖದೆದುರು ನಿಂತು ಕೇಳಿದೆ. “ಉಸ್ತಾ, ನಂದು?”

“ನಿಂಗೇನೋ ಅವಸರ? ಇನ್ನೆರಡು ವರ್ಷ ಕಲಿ.”

ನಾನೇನು ಕತ್ತೆಯೇ? ನಾನು ಹೊರಟರೆ ಅವನ ಕಿವಿಯೂ ಜೊತೆಗೆ ಹೊರಡುತ್ತಿತ್ತು. ಅದಕ್ಕೇ ನನ್ನನ್ನು ಕಟ್ಟಿಹಾಕಿದ್ದ.

ಮರುವಾರದ ಭಾನುವಾರ, ತುಂಬಿದ ಸಂತೆ. ಬಾಡಿಗೆ ಕಾರಿನ ಮಂಬೆಟ್ ಮಿಸ್ ಹೊಡೆಯುವ ಕಾರನ್ನು ಎಳೆದಾಡಿಸುತ್ತ ತಂದು ನಿಲ್ಲಿಸಿದ. ಒಳಗೆ ಪ್ರಯಾಣಿಕರು, ತೊಡೆಯ ಮೇಲೆ ಕುರಿಮರಿ ಇಟ್ಟುಕೊಂಡ ಒಬ್ಬ ಮುದುಕಿ. ಕುರಿ ಮಾರಿ ಬಂದವರೆಲ್ಲ ಸುತ್ತ ನೆರೆದರು. ಉಸ್ತಾ ಬೆರಳಿಗೆ ಉಗುಳು ಹಚ್ಚಿ, ಹೊಗೆ ಹೋಗುವ ನಾಲ್ಕು ಕೊಳವೆಗಳನ್ನು ಒಂದೊಂದಾಗಿ ತಟ್ಟಿದ. ಮಸಿ ಒರೆಸುತ್ತಿದ್ದಾನೆ ಅಂದುಕೊಂಡೆ. ಆಮೇಲೆ ಸ್ಕ್ರೂಡ್ರೈವರನ್ನು ಕಿವಿಗಿಟ್ಟ.

ಸತ್ತದ್ದು ನಾಲ್ಕನೆಯದು. ನನಗೆ ನಿಚ್ಚಳವಾಗಿ ಕೇಳಿಸುತ್ತಿತ್ತು. ಬಾನೆಟ್ಟಿನ ಅಂಚಿನಲ್ಲಿ ಎರಡು ಬೆರಳು ಇಟ್ಟೆ.

ಉಸ್ತಾ ನನ್ನ ಬೆರಳು ನೋಡಿದ. ನನ್ನ ಮುಖ ನೋಡಿದ. ಮತ್ತೆ ಬೆರಳು ನೋಡಿದ.

“ಎರಡನೇದು” ಎಂದು ಗಟ್ಟಿಯಾಗಿ ಹೇಳಿ, ತಾನೇ ಆ ವೈರ್ ಕಿತ್ತ. ಕರೆಂಟು ಅವನ ಕೈಗೆ ಬಡಿಯಿತು. ಇಂಜಿನ್ನು ಕಾರನ್ನೆಲ್ಲ ಕುಲುಕಿಸಿ, ಕೆಮ್ಮಿ, ನಿಂತೇಹೋಯಿತು.

“ಉಸ್ತಾ, ಬದುಕಿದ್ದನ್ನೂ ಕೊಂದ್ರಲ್ಲ!” ಎಂದ ಮಂಬೆಟ್.

“ಅಯ್ಯೋ, ಇವ್ನು ಕಿವುಡ ಕಣ್ರೋ!” ಮುದುಕಿ ಕಿಟಕಿಯಿಂದ ಕೂಗಿದಳು. “ಆಗ್ಲಿಂದ ಇವ್ನ ಬೆನ್ನಿಗೆ ಸಲಾಮ್ ಹೇಳ್ತಾನೇ ಇದೀನಿ!”

ಯಾರೋ ಅವನ ಹಿಂದೆ ನಿಂತು, “ಕಸಿಮಾಲೀ, ನಿನ್ನ ಕಂಟೇನರಿಗೆ ಬೆಂಕಿ ಬಿತ್ತೋ!” ಎಂದು ಅರಚಿದರು. ಅವನು ತಿರುಗಲಿಲ್ಲ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಎಲ್ದಿಯಾರ್ ಕೂಡ ನಕ್ಕ. ನಾನೂ ನಕ್ಕೆ. ಸುಳ್ಳೇಕೆ ಹೇಳಲಿ, ಒಂಬತ್ತು ವರ್ಷದಲ್ಲಿ ಅಷ್ಟು ಹಿತವಾದ ಗಳಿಗೆ ಇನ್ನೊಂದಿರಲಿಲ್ಲ. ನಕ್ಕುಕೊಂಡೇ ನಾಲ್ಕನೆಯ ಪ್ಲಗ್ ಬಿಚ್ಚಿದೆ; ಮಸಿ ಕಟ್ಟಿ ಕರಕಲಾಗಿತ್ತು. ಹೊಸದು ಹಾಕಿ ಸ್ಟಾರ್ಟ್ ಮಾಡಿಸಿದೆ. ಇಂಜಿನ್ನು ಸೊಗಸಾಗಿ ಓಡಿತು. “ಇನ್ಮೇಲೆ ನೀನೇ ಉಸ್ತಾ” ಎಂದು ಮಂಬೆಟ್ ನನ್ನ ಬೆನ್ನು ತಟ್ಟಿದ.

ಕಸಿಮಾಲಿ ನನ್ನೆದುರು ಬಂದು ನಿಂತ.

“ಕೊನೇ ಕೊಳವೆ ತಣ್ಣಗಿತ್ತು. ನನ್ನ ಕೈ ನಾಲ್ಕು ಅಂತು.”

ನನ್ನ ನಗು ಅಲ್ಲಿಗೇ ನಿಂತಿತು. “ಮತ್ತೆ ಎರಡು ಅಂತ ಯಾಕಂದ್ರಿ?”

“ನೀನು ಎರಡು ಅಂದ್ಯಲ್ಲ. ನನ್ನ ಕೈ ಒಂದೊಂದ್ಸಲ ತಪ್ಪತ್ತೆ. ನೀನು ಯಾವತ್ತೂ ತಪ್ಪಿರ್ಲಿಲ್ಲ.”

ಅವನು ಎರಡೂ ಕೈ ಎತ್ತಿದ. ಜನ ಅವನ ಅಂಗೈಯತ್ತ ನೋಡಿದರು. ಅಂಗೈ ನಮ್ಮ ಕಡೆಗಿದ್ದರೆ, ಅದು ತಿರುಗುಬಾತಾ. ಆ ಶಾಪ ತಗುಲಿದವನು ಉದ್ಧಾರವಾಗುವುದಿಲ್ಲ. ಶಪಿಸಲಿ ಎಂದೇ ನಾನು ಕಾದೆ. ಶಪಿಸಿದ್ದರೆ ನಾನೂ ನಾಲ್ಕು ಬಯ್ದು ಹಗುರಾಗುತ್ತಿದ್ದೆ. ಅವನು ಅಂಗೈಯನ್ನು ತನ್ನ ಮುಖದ ಕಡೆಗೇ ತೆರೆದ.

“ನಿನ್ನ ಬಾಗಿಲಿಗೆ ಗಿರಾಕಿ ತಪ್ಪದಿರ್ಲಿ. ಇವತ್ತು ಇವ್ರು ನಕ್ಕಿದ್ದು ನಂಗೆ ಕೇಳಿಸ್ಲಿಲ್ಲ, ನಿಂಗೆ ಕೇಳಿಸ್ತು. ನಿನ್ನ ಕಿವಿ ನೂರು ವರ್ಷ ಹಾಗೇ ಚೆನ್ನಾಗಿರ್ಲಿ.”

“ಒಮಿನ್” ಎಂದರು ಜನ.

ನಾನೀಗ ಸಾಲಿನ ಹನ್ನೆರಡನೇ ಗ್ಯಾರೇಜಿನವನು. ಗಿರಾಕಿ ತಪ್ಪಿಲ್ಲ. ಕಸಿಮಾಲಿ ಆ ತಿಂಗಳೇ ಕಂಟೇನರು ಮಾರಿದ. ಸಂತೆ ದಿನ ಗೇಟಿನ ಬಳಿ ಹುರಿದ ಸೂರ್ಯಕಾಂತಿ ಬೀಜ ಮಾರುತ್ತ ಕೂರುತ್ತಾನೆ. ಹುಡುಗರು ಬೆನ್ನ ಹಿಂದೆ ಬಂದು ಹಾರ್ನಿನಂತೆ ಕೂಗಿ ಓಡುತ್ತಾರೆ, ಅದು ನನಗೆ ಕೇಳಿಸುತ್ತದೆ. ಹತ್ತಿರ ಹೋಗಿ ಸಲಾಮ್ ಎಂದರೆ ಅವನು ನನ್ನ ತುಟಿಯತ್ತ ನೋಡುವುದಿಲ್ಲ, ನನ್ನ ಬೆರಳುಗಳನ್ನೇ ನೋಡುತ್ತಾನೆ. ನಾನು ಕೈಯನ್ನು ಜೇಬಿನಲ್ಲಿಟ್ಟುಕೊಳ್ಳುತ್ತೇನೆ.